ರಫ್ತಿನಿಂದ ಆಮದಿಗೆ, ಎರಡು ಬಾರಿ: ಈಜಿಪ್ಟಿನ ನೈಸರ್ಗಿಕ ಅನಿಲದ ಒಂದು ಪ್ರಕರಣ ಅಧ್ಯಯನ

2005ರ ಆರಂಭದಲ್ಲಿ ಮೆಡಿಟರೇನಿಯನ್ ತೀರದ ದಮಿಯೆಟ್ಟಾ ಸ್ಥಾವರದಿಂದ ಹಡಗುಗಳ ಮೂಲಕ ದ್ರವೀಕೃತ ನೈಸರ್ಗಿಕ ಅನಿಲ, ಅಂದರೆ ಎಲ್‌ಎನ್‌ಜಿ, ಕಳಿಸಲು ಆರಂಭಿಸಿದ ಈಜಿಪ್ಟ್, ಹತ್ತು ವರ್ಷ ತುಂಬುವಷ್ಟರಲ್ಲಿ ಅದೇ ಸರಕನ್ನು ಹೊರಗಿನಿಂದ ಕೊಳ್ಳುವ ದೇಶವಾಗಿತ್ತು. 2018ರ ಸೆಪ್ಟೆಂಬರಿನಲ್ಲಿ ಸರ್ಕಾರ ಸ್ವಾವಲಂಬನೆಯನ್ನು ಘೋಷಿಸಿ ಮತ್ತೆ ರಫ್ತಿಗೆ ಇಳಿಯಿತು. 2024ರ ಬೇಸಿಗೆಯಲ್ಲಿ ಮತ್ತೊಮ್ಮೆ ಆಮದಿನ ಹಡಗುಗಳು ಬಂದವು. ಎರಡು ದಶಕಗಳೊಳಗೆ ಒಂದೇ ದೇಶ ಎರಡು ಬಾರಿ ಮಾರಾಟಗಾರನಾಗಿ ಎರಡು ಬಾರಿ ಕೊಳ್ಳುವವನಾದ ಈ ಪ್ರಕರಣ, ಉತ್ತರ ಆಫ್ರಿಕಾದ ಇಂಧನ ಉದ್ಯಮದಲ್ಲಿ ನೆಲದಡಿಯ ಸಂಪತ್ತಿಗಿಂತ ನೆಲದ ಮೇಲಿನ ಹಣದ ಲೆಕ್ಕ ಹೇಗೆ ನಿರ್ಣಾಯಕವಾಗುತ್ತದೆ ಎಂಬುದನ್ನು ತೋರಿಸುತ್ತದೆ.

ಈ ಏರಿಳಿತಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳನ್ನು ಕೊಡಲಾಗುತ್ತದೆ: ಹಳೆಯ ನಿಕ್ಷೇಪಗಳು ಬತ್ತಿದವು, ಜನಸಂಖ್ಯೆ ಹತ್ತು ಕೋಟಿ ದಾಟಿತು, ನೆರೆಹೊರೆಯಲ್ಲಿ ಯುದ್ಧ ನಡೆಯಿತು. ಮೂರೂ ಸುಳ್ಳಲ್ಲ. ಆದರೆ ಅನಿಲ ಬಾವಿಯೊಂದು ಬತ್ತುವುದು ಅದನ್ನು ಕೊರೆದ ದಿನವೇ ಗೊತ್ತಿರುವ ಸಂಗತಿ, ಜನಸಂಖ್ಯೆಯೂ ರಾತ್ರೋರಾತ್ರಿ ಬೆಳೆಯುವುದಿಲ್ಲ. ಇಳಿಯುವ ಉತ್ಪಾದನೆಗೆ ಬದಲಾಗಿ ಹೊಸ ಬಾವಿಗಳನ್ನು ಸಕಾಲದಲ್ಲಿ ಏಕೆ ಕೊರೆಯಲಿಲ್ಲ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ, ಮತ್ತು ಅದರ ಉತ್ತರ ಡಾಲರಿನಲ್ಲಿ ಕೊಂಡು ಈಜಿಪ್ಟಿನ ಪೌಂಡಿನಲ್ಲಿ ಮಾರುವ ಒಂದು ವ್ಯವಸ್ಥೆಯಲ್ಲಿದೆ.

ಒಪ್ಪಂದದ ಲೆಕ್ಕ

ಈಜಿಪ್ಟಿನಲ್ಲಿ ಅನಿಲದ ಒಡೆತನ ಸರ್ಕಾರದ್ದು. ಶೋಧ ಮತ್ತು ಉತ್ಪಾದನೆಯ ಬಂಡವಾಳವನ್ನು ಮಾತ್ರ ಇಟಲಿಯ ಎನಿ, ಬ್ರಿಟನ್ನಿನ ಬಿಪಿ, ಶೆಲ್ ಮುಂತಾದ ವಿದೇಶಿ ಕಂಪನಿಗಳು ಹಾಕುತ್ತವೆ. ಉತ್ಪಾದನೆ ಆರಂಭವಾದ ಮೇಲೆ ಬಂದ ಅನಿಲದ ಒಂದು ಭಾಗ ಕಂಪನಿ ಹಾಕಿದ ವೆಚ್ಚವನ್ನು ತೀರಿಸಲು ಹೋಗುತ್ತದೆ, ಉಳಿದದ್ದನ್ನು ಸರ್ಕಾರ ಮತ್ತು ಕಂಪನಿ ಒಪ್ಪಂದದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಸರ್ಕಾರದ ಪರವಾಗಿ ಈ ವ್ಯವಹಾರವನ್ನು ನೋಡಿಕೊಳ್ಳುವುದು ಪೆಟ್ರೋಲಿಯಂ ನಿಗಮವಾದ ಇಜಿಪಿಸಿ ಮತ್ತು 2001ರಲ್ಲಿ ಅನಿಲಕ್ಕೆಂದೇ ಸ್ಥಾಪನೆಯಾದ ಇಗ್ಯಾಸ್. ದೇಶದೊಳಗಿನ ಬಳಕೆಗೆ ಕಂಪನಿಯ ಪಾಲಿನ ಅನಿಲವೂ ಬೇಕಾದಾಗ ಇಗ್ಯಾಸ್ ಅದನ್ನು ಒಪ್ಪಂದದ ದರದಲ್ಲಿ ಕೊಳ್ಳುತ್ತದೆ. ದರ ನಿಗದಿಯಾಗುವುದು ಡಾಲರಿನಲ್ಲಿ.

ತೊಡಕು ಶುರುವಾಗುವುದು ಇಲ್ಲಿಯೇ. ಹಳೆಯ ಒಪ್ಪಂದಗಳಲ್ಲಿ ಕಂಪನಿಗಳಿಗೆ ಸಿಗುತ್ತಿದ್ದ ದರ ಹತ್ತು ಲಕ್ಷ ಬಿಟಿಯುಗೆ (ಅನಿಲದ ಶಾಖವನ್ನು ಅಳೆಯುವ ಮಾನ) ಸುಮಾರು 2.65 ಡಾಲರ್. ತೀರದ ಬಳಿಯ ಆಳವಿಲ್ಲದ ನೀರಿನಲ್ಲಿ ಆ ದರ ಕಟ್ಟುತ್ತಿತ್ತು, ಆದರೆ ಸಾವಿರ ಮೀಟರಿಗಿಂತ ಆಳದ ಸಮುದ್ರದಲ್ಲಿ ಬಾವಿ ಕೊರೆಯುವವರಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ದರ ಏರಿಸಿದರೆ ಇಗ್ಯಾಸ್‌ಗೆ ನಷ್ಟ, ಏಕೆಂದರೆ ಅದೇ ಅನಿಲವನ್ನು ವಿದ್ಯುತ್ ಸ್ಥಾವರಗಳಿಗೆ ಅದು ಸಹಾಯಧನದ ದರದಲ್ಲಿ ಕೊಡಬೇಕು, ಅವುಗಳಿಂದ ಹಣ ಬರುವುದು ಈಜಿಪ್ಟಿನ ಪೌಂಡಿನಲ್ಲಿ, ಅದೂ ತಡವಾಗಿ. ದೇಶದ ವಿದ್ಯುತ್ತಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಅನಿಲದಿಂದಲೇ ತಯಾರಾಗುವುದರಿಂದ ಈ ಸಹಾಯಧನ ಬಜೆಟ್ಟಿನ ಮೂಲೆಯಲ್ಲಿ ಅಡಗಿರುವ ಸಣ್ಣ ಬಾಬತ್ತಲ್ಲ. ಸರ್ಕಾರದ ಕೈ ಬಿಗಿಯಾದಾಗಲೆಲ್ಲ ಮೊದಲು ನಿಲ್ಲುತ್ತಿದ್ದುದು ವಿದೇಶಿ ಕಂಪನಿಗಳಿಗೆ ಕೊಡಬೇಕಾದ ಹಣ. ಕರೆಂಟು ಹೋದರೆ ಜನ ಬೀದಿಗಿಳಿಯುತ್ತಾರೆ, ಬಾಕಿ ಉಳಿದರೆ ಕಂಪನಿ ಪತ್ರ ಬರೆಯುತ್ತದೆ. ಯಾವುದನ್ನು ತಡೆದುಕೊಳ್ಳುವುದು ಸುಲಭ ಎಂಬುದು ಯಾವ ಸರ್ಕಾರಕ್ಕೂ ಗೊತ್ತಿರುವ ವಿಷಯ. ಆದರೆ ಬಾಕಿ ಬರಬೇಕಾದ ಕಂಪನಿ ಪತ್ರದ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಮುಂದಿನ ವರ್ಷದ ಬಾವಿಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ಅದರ ಪರಿಣಾಮ ಕಾಣಿಸುವುದು ಎರಡು ಮೂರು ವರ್ಷ ಕಳೆದ ಮೇಲೆ.

ಮೊದಲ ಕುಸಿತ

ನೈಲ್ ಮುಖಜಭೂಮಿಯಲ್ಲಿ 1967ರಲ್ಲಿ ಪತ್ತೆಯಾದ ಅಬು ಮಾದಿ ನಿಕ್ಷೇಪದಿಂದ ಈಜಿಪ್ಟಿನ ಅನಿಲದ ಚರಿತ್ರೆ ಆರಂಭವಾಗುತ್ತದೆ. 1990ರ ದಶಕದಲ್ಲಿ ಸಮುದ್ರದೊಳಗೆ ದೊಡ್ಡ ನಿಕ್ಷೇಪಗಳು ಸಿಕ್ಕಾಗ, ದೇಶದ ಬಳಕೆಗೆ ಮೀರಿದ ಅನಿಲವಿದೆ ಎಂಬ ನಂಬಿಕೆ ಬಲವಾಯಿತು. 2003ರಲ್ಲಿ ಅಲ್ ಅರಿಶ್‌ನಿಂದ ಜೋರ್ಡಾನಿನ ಅಕಬಾಕ್ಕೆ ಕೊಳವೆ ಮಾರ್ಗ ತೆರೆಯಿತು. 2005ರಲ್ಲಿ ದಮಿಯೆಟ್ಟಾ ಸ್ಥಾವರದ ಬೆನ್ನಿಗೇ ಅಲೆಕ್ಸಾಂಡ್ರಿಯಾದ ಪೂರ್ವಕ್ಕಿರುವ ಇದ್ಕುವಿನಲ್ಲಿ ಎರಡನೆಯ ಸ್ಥಾವರವೂ ಕೆಲಸ ಆರಂಭಿಸಿತು. ವರ್ಷಕ್ಕೆ ದಮಿಯೆಟ್ಟಾದ ಸಾಮರ್ಥ್ಯ ಸುಮಾರು 50 ಲಕ್ಷ ಟನ್, ಇದ್ಕುವಿನದು 72 ಲಕ್ಷ ಟನ್. 2008ರಲ್ಲಿ ಅಲ್ ಅರಿಶ್‌ನಿಂದ ಇಸ್ರೇಲಿನ ಅಶ್ಕೆಲಾನ್‌ಗೆ ಸಮುದ್ರದಡಿಯ ಕೊಳವೆಯಲ್ಲಿ ಅನಿಲ ಹರಿಯಿತು. ಇಷ್ಟೆಲ್ಲ ಬದ್ಧತೆಗಳನ್ನು ಹೊತ್ತಾಗ ದೇಶದ ಉತ್ಪಾದನೆ ತನ್ನ ಶಿಖರದ ಹತ್ತಿರವಿತ್ತು. 2009ರಲ್ಲಿ ಅದು ವರ್ಷಕ್ಕೆ 6,000 ಕೋಟಿ ಘನ ಮೀಟರ್ ದಾಟಿ, ಅಲ್ಲಿಂದ ಇಳಿಯತೊಡಗಿತು.

2011ರ ಜನವರಿಯ ಕ್ರಾಂತಿ ಈ ಇಳಿತವನ್ನು ಸೃಷ್ಟಿಸಲಿಲ್ಲ, ಅದಕ್ಕೆ ವೇಗ ಕೊಟ್ಟಿತು. ಪ್ರವಾಸೋದ್ಯಮ ಕುಸಿದು ವಿದೇಶಿ ವಿನಿಮಯ ಕರಗಿದಾಗ ತೈಲ ಮತ್ತು ಅನಿಲ ಕಂಪನಿಗಳ ಬಾಕಿ 600 ಕೋಟಿ ಡಾಲರ್ ಮೀರಿತು. ಸಿನಾಯ್ ಮರುಭೂಮಿಯಲ್ಲಿ ಕೊಳವೆ ಮಾರ್ಗದ ಮೇಲೆ ಸ್ಫೋಟಗಳು ಒಂದಾದ ಮೇಲೊಂದರಂತೆ ನಡೆದವು. ಇಸ್ರೇಲಿಗೆ ಅನಿಲ ಮಾರುವ ಒಪ್ಪಂದವನ್ನು 2012ರ ಏಪ್ರಿಲಿನಲ್ಲಿ ಈಜಿಪ್ಟ್ ರದ್ದುಪಡಿಸಿತು. ಅದೇ ವರ್ಷದ ಕೊನೆಯಲ್ಲಿ ದಮಿಯೆಟ್ಟಾ ಸ್ಥಾವರಕ್ಕೆ ಅನಿಲ ನಿಂತಿತು. 2014ರ ಜನವರಿಯಲ್ಲಿ ಇದ್ಕುವಿನ ಪಾಲುದಾರನಾದ ಬಿಜಿ ಗ್ರೂಪ್, ತನ್ನ ಕೈಮೀರಿದ ಕಾರಣದಿಂದ ಒಪ್ಪಂದ ಪಾಲಿಸಲಾಗುತ್ತಿಲ್ಲ ಎಂದು ಗ್ರಾಹಕರಿಗೆ ತಿಳಿಸಿತು. ರಫ್ತಿಗೆಂದು ಮೀಸಲಾದ ಅನಿಲವನ್ನು ಸರ್ಕಾರ ದೇಶದೊಳಗಿನ ಬಳಕೆಗೆ ತಿರುಗಿಸಿಕೊಂಡಿತ್ತು.

ತಿರುಗಿಸಿಕೊಂಡದ್ದರ ಬೆಲೆ ನಂತರ ತೆರಬೇಕಾಯಿತು. ಇಸ್ರೇಲ್ ವಿದ್ಯುತ್ ನಿಗಮಕ್ಕೆ 176 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2015ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ತೀರ್ಪಿತ್ತಿತು. 2019ರಲ್ಲಿ ಅದು ಒಟ್ಟು 50 ಕೋಟಿ ಡಾಲರನ್ನು ಕಂತುಗಳಲ್ಲಿ ಕೊಡುವ ರಾಜಿಯಾಯಿತು. ದಮಿಯೆಟ್ಟಾದ ಮುಖ್ಯ ಒಡೆತನ ಹೊಂದಿದ್ದ ಯೂನಿಯನ್ ಫೆನೋಸಾ ಗ್ಯಾಸ್ ಕಂಪನಿಗೆ 2018ರಲ್ಲಿ ವಿಶ್ವಬ್ಯಾಂಕಿನ ಹೂಡಿಕೆ ವಿವಾದ ಕೇಂದ್ರದ ನ್ಯಾಯಮಂಡಳಿ ಸುಮಾರು 200 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಸಂಕಷ್ಟದ ದಿನಗಳಲ್ಲಿ ಮನೆಗಳಿಗೆ ಬೆಳಕು ಕೊಡಲು ಅನಿಲ ತಿರುಗಿಸಿದ್ದನ್ನು ತಪ್ಪೆನ್ನುವುದು ಕಷ್ಟ. ಉತ್ಪಾದನೆ ಇಳಿಯುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯದೆ ಇಪ್ಪತ್ತು ವರ್ಷಗಳ ಮಾತು ಕೊಟ್ಟಿದ್ದನ್ನು ತಪ್ಪೆನ್ನುವುದು ಅಷ್ಟು ಕಷ್ಟವಲ್ಲ.

2014ರ ಬೇಸಿಗೆಯ ಲೋಡ್ ಶೆಡ್ಡಿಂಗ್ ದೇಶವನ್ನು ಹೈರಾಣಾಗಿಸಿತು. 2015ರ ಏಪ್ರಿಲಿನಲ್ಲಿ ಸೂಯೆಜ್ ಕೊಲ್ಲಿಯ ಐನ್ ಸೊಖ್ನಾ ಬಂದರಿಗೆ ಹೊಯೆಗ್ ಗ್ಯಾಲಂಟ್ ಎಂಬ ಬಾಡಿಗೆ ಹಡಗು ಬಂದು ನಿಂತಿತು, ಅದೇ ವರ್ಷ ಎರಡನೆಯ ಹಡಗೂ ಬಂತು. ಅನಿಲ ದ್ರವೀಕರಿಸುವ ಎರಡು ಸ್ಥಾವರಗಳು ಉತ್ತರ ತೀರದಲ್ಲಿ ಕೆಲಸವಿಲ್ಲದೆ ನಿಂತಿದ್ದಾಗ, ಕೆಲವು ನೂರು ಕಿಲೋಮೀಟರ್ ದೂರದ ಇನ್ನೊಂದು ತೀರದಲ್ಲಿ ದ್ರವವನ್ನು ಮತ್ತೆ ಅನಿಲವಾಗಿಸುವ ಹಡಗುಗಳು ದಿನಬಾಡಿಗೆಗೆ ದುಡಿಯುತ್ತಿದ್ದವು. 2016ರ ಹೊತ್ತಿಗೆ ಉತ್ಪಾದನೆ ವರ್ಷಕ್ಕೆ ಸುಮಾರು 4,000 ಕೋಟಿ ಘನ ಮೀಟರಿಗೆ ಕುಸಿದಿತ್ತು.

ಝೋಹ್ರ್

ಇದೇ ಹೊತ್ತಿಗೆ, 2015ರ ಆಗಸ್ಟ್ 30ರಂದು, ಎನಿ ಕಂಪನಿ ಮೆಡಿಟರೇನಿಯನ್ ಸಮುದ್ರದಲ್ಲಿ ಅದುವರೆಗೆ ಸಿಕ್ಕ ನಿಕ್ಷೇಪಗಳಲ್ಲೇ ಅತಿ ದೊಡ್ಡದು ಎಂದು ಝೋಹ್ರ್ ನಿಕ್ಷೇಪವನ್ನು ಪ್ರಕಟಿಸಿತು. ಪೋರ್ಟ್ ಸೈದ್‌ನ ಉತ್ತರಕ್ಕೆ ಸುಮಾರು 190 ಕಿಲೋಮೀಟರ್ ದೂರದಲ್ಲಿ, 1,450 ಮೀಟರ್ ಆಳದ ನೀರಿನ ಕೆಳಗೆ, ಸೈಪೆಮ್ 10000 ಎಂಬ ಕೊರೆಯುವ ಹಡಗು 4,131 ಮೀಟರ್ ಆಳದವರೆಗೆ ಬಾವಿ ಇಳಿಸಿ 630 ಮೀಟರ್ ದಪ್ಪದ ಅನಿಲ ಪದರವನ್ನು ಮುಟ್ಟಿತ್ತು. ಅಂದಾಜು ಸಂಗ್ರಹ 85,000 ಕೋಟಿ ಘನ ಮೀಟರ್.

ಈ ಶೋಧದ ಹಿಂದಿನ ಭೂವಿಜ್ಞಾನದ ಪಂಥವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಂತರದ ತೊಂದರೆಯ ಬೀಜವೂ ಅಲ್ಲಿಯೇ ಇದೆ. ಅದೇ ಸಮುದ್ರ ಪ್ರದೇಶದಲ್ಲಿ ಹಿಂದೆ ಶೆಲ್ ಕಂಪನಿ ವರ್ಷಗಟ್ಟಲೆ ಹುಡುಕಿ, ಕೊನೆಗೆ ಪರವಾನಗಿಯನ್ನು ಬಿಟ್ಟುಕೊಟ್ಟಿತ್ತು. ನೈಲ್ ನದಿ ಲಕ್ಷಾಂತರ ವರ್ಷಗಳಿಂದ ತಂದು ಸುರಿದ ಮರಳಿನ ಪದರಗಳಲ್ಲಿ ಅನಿಲ ಹುಡುಕುವುದು ಅಲ್ಲಿನ ವಾಡಿಕೆ. ಎನಿಯ ಭೂವಿಜ್ಞಾನಿಗಳು ಮರಳನ್ನು ಬಿಟ್ಟು, ಬಹು ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಬೆಳೆದು ನಂತರ ಹೂತುಹೋದ ಸುಣ್ಣಶಿಲೆಯ ದಿಬ್ಬವೊಂದನ್ನು ಗುರಿಯಾಗಿಟ್ಟುಕೊಂಡರು. ಹವಳದ ದಿಬ್ಬಗಳಂತೆ ರೂಪುಗೊಂಡ ಇಂಥ ಶಿಲೆಯಲ್ಲಿ ರಂಧ್ರಗಳೂ ಬಿರುಕುಗಳೂ ಧಾರಾಳ, ಆದ್ದರಿಂದ ಅನಿಲ ಸರಾಗವಾಗಿ ಹರಿದು ಬಾವಿಗೆ ಬರುತ್ತದೆ. ಆದರೆ ಅನಿಲ ಹರಿಯುವ ಬಿರುಕುಗಳಲ್ಲಿಯೇ ಅದರ ಕೆಳಗಿರುವ ನೀರೂ ಹರಿಯಬಲ್ಲದು. ಮೇಲಿನಿಂದ ಅನಿಲವನ್ನು ವೇಗವಾಗಿ ಎಳೆದಷ್ಟೂ ಒತ್ತಡ ಇಳಿದು ಕೆಳಗಿನ ನೀರು ಮೇಲೇರುತ್ತದೆ. ಒಮ್ಮೆ ಬಾವಿಯ ಬಾಯಿಗೆ ನೀರು ಬಂದರೆ ಆ ಬಾವಿಯ ಉತ್ಪಾದನೆಯನ್ನು ತಗ್ಗಿಸಬೇಕು, ಇಲ್ಲವೇ ಬೇರೆಡೆ ಕೊರೆಯಬೇಕು.

ಉತ್ಪಾದನೆಗೆ ತಂದ ವೇಗ ಉದ್ಯಮದಲ್ಲಿಯೇ ಅಪರೂಪದ್ದು. ಇಂಥ ಆಳದ ನಿಕ್ಷೇಪಗಳಿಗೆ ಆರೆಂಟು ವರ್ಷ ಹಿಡಿಯುವುದು ಸಾಮಾನ್ಯ. ಝೋಹ್ರ್‌ನಿಂದ ಅನಿಲ 2017ರ ಡಿಸೆಂಬರಿನಲ್ಲಿ, ಅಂದರೆ ಶೋಧದಿಂದ ಎರಡೂವರೆ ವರ್ಷದೊಳಗೆ, ದಡಕ್ಕೆ ಬಂತು. 2019ರ ಹೊತ್ತಿಗೆ ದಿನಕ್ಕೆ 270 ಕೋಟಿ ಘನ ಅಡಿ ಮೀರಿದ ಅನಿಲ ಒಂದೇ ನಿಕ್ಷೇಪದಿಂದ ಬರುತ್ತಿತ್ತು. ಇದಕ್ಕೆ ದಾರಿ ಮಾಡಿಕೊಟ್ಟದ್ದು ದರದ ಪರಿಷ್ಕರಣೆ. 2015ರಲ್ಲಿ ಎನಿಯ ಜೊತೆಗೆ ಮಾಡಿಕೊಂಡ ತಿದ್ದುಪಡಿಯಲ್ಲಿ ಹೊಸ ಅನಿಲಕ್ಕೆ ತೈಲ ಬೆಲೆಯನ್ನು ಅನುಸರಿಸಿ ಹತ್ತು ಲಕ್ಷ ಬಿಟಿಯುಗೆ 4ರಿಂದ 5.88 ಡಾಲರಿನವರೆಗೆ ದರ ಕೊಡಲು ಸರ್ಕಾರ ಒಪ್ಪಿಕೊಂಡಿತು. ಎನಿ ತನ್ನ ಪಾಲಿನ ಅರ್ಧವನ್ನು ಮಾರಿ ಬಂಡವಾಳ ಹಗುರ ಮಾಡಿಕೊಂಡಿತು: ಬಿಪಿಗೆ ಶೇ. 10, ರಷ್ಯಾದ ರಾಸ್‌ನೆಫ್ಟ್‌ಗೆ ಶೇ. 30, ಅಬುಧಾಬಿಯ ಮುಬಾದಲಕ್ಕೆ ಶೇ. 10. ಉತ್ಪಾದನೆಗೆ ಮುನ್ನ ಬಿಪಿ ತನ್ನ ಹತ್ತನೇ ಒಂದು ಪಾಲಿಗೆ ಕೊಟ್ಟದ್ದು 37.5 ಕೋಟಿ ಡಾಲರ್. ಅನಿಲ ಹರಿಯತೊಡಗಿದ ಮೇಲೆ ಅಷ್ಟೇ ಪಾಲಿಗೆ ಮುಬಾದಲ ಕೊಟ್ಟದ್ದು 93.4 ಕೋಟಿ.

ಅದೇ ಕಾಲದಲ್ಲಿ ಸರ್ಕಾರ ವಿದ್ಯುತ್ ಕ್ಷೇತ್ರದಲ್ಲಿ ದೊಡ್ಡ ಹೂಡಿಕೆ ಮಾಡಿತು. ಸೀಮೆನ್ಸ್ ಕಂಪನಿ ಬೆನಿ ಸುಯೆಫ್, ಬುರುಲ್ಲುಸ್ ಮತ್ತು ಹೊಸ ಆಡಳಿತ ರಾಜಧಾನಿಯಲ್ಲಿ ತಲಾ 4,800 ಮೆಗಾವಾಟ್‌ನ ಮೂರು ಅನಿಲ ಸ್ಥಾವರಗಳನ್ನು 2018ರ ಹೊತ್ತಿಗೆ ಮುಗಿಸಿಕೊಟ್ಟಿತು. 2014ರ ಕತ್ತಲೆಗೆ ಉತ್ತರವಾಗಿ ಬಂದ ಈ ಸ್ಥಾವರಗಳು ದಕ್ಷತೆಯಲ್ಲಿ ಉತ್ತಮವಾದವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ದೇಶದ ವಿದ್ಯುತ್ ಇನ್ನಷ್ಟು ಬಿಗಿಯಾಗಿ ಅನಿಲಕ್ಕೇ ಕಟ್ಟಿಹಾಕಲ್ಪಟ್ಟಿತು.

ಎರಡು ಸ್ಥಾವರಗಳ ಹಸಿವು

ಸ್ವಾವಲಂಬನೆ ಬಂದ ಕೂಡಲೇ ಕೈರೋದ ಗಮನ ಹೊರಳಿದ್ದು ಖಾಲಿ ನಿಂತಿದ್ದ ದಮಿಯೆಟ್ಟಾ ಮತ್ತು ಇದ್ಕುವಿನ ಕಡೆಗೆ. ಪೂರ್ವ ಮೆಡಿಟರೇನಿಯನ್ನಿನಲ್ಲಿ ಇಸ್ರೇಲ್ ಮತ್ತು ಸೈಪ್ರಸ್ ದೇಶಗಳಿಗೆ ಅನಿಲವಿತ್ತು, ದ್ರವೀಕರಿಸುವ ಸ್ಥಾವರವಿರಲಿಲ್ಲ. ಈಜಿಪ್ಟಿಗೆ ಸ್ಥಾವರಗಳಿದ್ದವು. ಅವರ ಅನಿಲವನ್ನು ತಂದು ದ್ರವೀಕರಿಸಿ ಯುರೋಪಿಗೆ ಕಳಿಸುವ ಪ್ರಾದೇಶಿಕ ಕೇಂದ್ರವಾಗುವುದು ಆಗಿನ ಪೆಟ್ರೋಲಿಯಂ ಸಚಿವ ತಾರೆಕ್ ಅಲ್ ಮುಲ್ಲಾ ಅವರ ಯೋಜನೆಯ ತಿರುಳು. 2018ರ ಫೆಬ್ರವರಿಯಲ್ಲಿ ಇಸ್ರೇಲಿನ ನಿಕ್ಷೇಪಗಳ ಪಾಲುದಾರರು ಈಜಿಪ್ಟಿನ ಡಾಲ್ಫಿನಸ್ ಕಂಪನಿಯ ಜೊತೆಗೆ 1,500 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದಾಗ, ಅಧ್ಯಕ್ಷ ಅಬ್ದೆಲ್ ಫತ್ತಾಹ್ ಅಲ್ ಸಿಸಿ ಅದನ್ನು ದೇಶ ಹೊಡೆದ ಗೋಲೆಂದು ಬಣ್ಣಿಸಿದರು. 2019ರ ಜನವರಿಯಲ್ಲಿ ಪೂರ್ವ ಮೆಡಿಟರೇನಿಯನ್ ಅನಿಲ ವೇದಿಕೆ ಕೈರೋದಲ್ಲಿ ಹುಟ್ಟಿಕೊಂಡಿತು. 2020ರ ಜನವರಿಯಲ್ಲಿ ಇಸ್ರೇಲಿನ ಲೆವಿಯಾಥನ್ ನಿಕ್ಷೇಪದ ಅನಿಲ, ಹಿಂದೆ ಈಜಿಪ್ಟಿನ ಅನಿಲವನ್ನು ಅಶ್ಕೆಲಾನ್‌ಗೆ ಒಯ್ಯುತ್ತಿದ್ದ ಅದೇ ಕೊಳವೆಯಲ್ಲಿ, ವಿರುದ್ಧ ದಿಕ್ಕಿನಲ್ಲಿ ಹರಿದು ಬಂತು. 2021ರ ಆರಂಭದಲ್ಲಿ ಎಂಟು ವರ್ಷಗಳ ನಂತರ ದಮಿಯೆಟ್ಟಾ ಮತ್ತೆ ಕೆಲಸ ಆರಂಭಿಸಿತು.

2021ರಲ್ಲಿ ಉತ್ಪಾದನೆ ಸುಮಾರು 6,800 ಕೋಟಿ ಘನ ಮೀಟರಿಗೆ ಏರಿತು. ಕಂಪನಿಗಳ ಬಾಕಿ 100 ಕೋಟಿ ಡಾಲರಿಗಿಂತ ಕೆಳಗಿಳಿದಿತ್ತು. ನೋಡುವವರಿಗೆ ಎಲ್ಲವೂ ಸರಿಯಾದಂತೆ ಕಾಣುತ್ತಿತ್ತು.

2022ರಲ್ಲಿ ಉಕ್ರೇನ್ ಯುದ್ಧದಿಂದ ಯುರೋಪಿನ ಅನಿಲ ದರ ಹಿಂದೆಂದೂ ಕಾಣದ ಮಟ್ಟಕ್ಕೆ ಜಿಗಿಯಿತು. ಜೂನ್ 15ರಂದು ಐರೋಪ್ಯ ಒಕ್ಕೂಟ, ಇಸ್ರೇಲ್ ಮತ್ತು ಈಜಿಪ್ಟ್ ಕೈರೋದಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಆಗಸ್ಟಿನಲ್ಲಿ ಈಜಿಪ್ಟಿನ ಸಚಿವ ಸಂಪುಟ ಬೀದಿ ಮತ್ತು ಸರ್ಕಾರಿ ಕಟ್ಟಡಗಳ ದೀಪ ತಗ್ಗಿಸಲು, ಮಾಲ್‌ಗಳಲ್ಲಿ ಹವಾನಿಯಂತ್ರಣ 25 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಲು ಆದೇಶಿಸಿತು. ವಿದ್ಯುತ್ ಸ್ಥಾವರಗಳಲ್ಲಿ ಅನಿಲದ ಬದಲು ಫರ್ನೆಸ್ ಆಯಿಲ್ ಉರಿಸಿ, ಉಳಿಸಿದ ಅನಿಲವನ್ನು ರಫ್ತಿಗೆ ಕಳಿಸಲಾಯಿತು. ಆ ವರ್ಷ ಸುಮಾರು 70 ಲಕ್ಷ ಟನ್ ಎಲ್‌ಎನ್‌ಜಿ ಹೊರಗೆ ಹೋಯಿತು, ಅನಿಲ ರಫ್ತಿನ ಆದಾಯ 800 ಕೋಟಿ ಡಾಲರ್ ಮೀರಿತು.

ಈ ನಿರ್ಧಾರವನ್ನು ನಂತರ ಬಹಳ ಜನ ಟೀಕಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ರಫ್ತು ಮಾಡಿದ್ದು ತಪ್ಪಲ್ಲ. ಹೊರಗೆ ದುಬಾರಿ ದರ ಸಿಗುವಾಗ ಅನಿಲ ಮಾರಿ, ಮನೆಯಲ್ಲಿ ಅಗ್ಗದ ಇಂಧನ ಉರಿಸುವುದು ಸರಳವಾದ ವ್ಯಾಪಾರ. ತಪ್ಪಿದ್ದು ಬಂದ ಡಾಲರು ಹೋದ ದಾರಿಯಲ್ಲಿ. ಆ ವರ್ಷದ ಆರಂಭದಲ್ಲಿಯೇ ಈಜಿಪ್ಟಿನ ಸಾಲಪತ್ರಗಳಿಂದ ವಿದೇಶಿ ಹೂಡಿಕೆದಾರರು ಸಾವಿರಾರು ಕೋಟಿ ಡಾಲರನ್ನು ಹಿಂತೆಗೆದುಕೊಂಡಿದ್ದರು, ಗೋಧಿಯ ಬೆಲೆ ಏರಿತ್ತು, ಸಾಲದ ಕಂತುಗಳು ಬಾಗಿಲಲ್ಲಿ ನಿಂತಿದ್ದವು. ಅನಿಲದ ಆದಾಯ ಈ ತೂತುಗಳನ್ನು ಮುಚ್ಚಲು ಹೋಯಿತೇ ಹೊರತು ಬಾವಿಗಳಿಗೆ ಮರಳಲಿಲ್ಲ. 2022ರ ಮಾರ್ಚಿನಲ್ಲಿ ಡಾಲರಿಗೆ 15.7 ಪೌಂಡ್ ಇದ್ದದ್ದು 2023ರ ಆರಂಭಕ್ಕೆ ಸುಮಾರು 30 ಆಯಿತು. ಇಗ್ಯಾಸ್ ಕೊಳ್ಳುವ ಅನಿಲದ ದರ ಡಾಲರಿನಲ್ಲಿ ಬದಲಾಗದಿದ್ದರೂ ಪೌಂಡಿನಲ್ಲಿ ಇಮ್ಮಡಿಯಾಯಿತು. ಮನೆಗಳ ವಿದ್ಯುತ್ ದರ ಅದೇ ಪ್ರಮಾಣದಲ್ಲಿ ಏರಲಿಲ್ಲ, ಏರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಬಾಕಿಯ ಪಟ್ಟಿ ಮತ್ತೆ ಬೆಳೆಯಿತು.

ಅತ್ತ ಝೋಹ್ರ್ ದಣಿಯುತ್ತಿತ್ತು. ಬಾವಿಗಳಿಗೆ ನೀರು ನುಗ್ಗುತ್ತಿದೆ ಎಂಬ ವರದಿಗಳು ಬಂದವು, ಸಚಿವಾಲಯ ತಾಂತ್ರಿಕ ದೋಷವಿಲ್ಲವೆಂದು ನಿರಾಕರಿಸಿತು. 2024ರ ಆರಂಭಕ್ಕೆ ಉತ್ಪಾದನೆ ದಿನಕ್ಕೆ ಸುಮಾರು 190 ಕೋಟಿ ಘನ ಅಡಿಗೆ ಇಳಿದಿತ್ತು. ಸುಣ್ಣಶಿಲೆಯ ನಿಕ್ಷೇಪದಲ್ಲಿ ಇದು ಅನಿರೀಕ್ಷಿತವೇನಲ್ಲ, ಹೊಸ ಬಾವಿಗಳಿಂದ ಸ್ವಲ್ಪ ಮಟ್ಟಿಗೆ ಸರಿದೂಗಿಸಬಹುದಾದದ್ದು. ಆದರೆ ಹಣ ಬಾರದಿದ್ದಾಗ ಕೊರೆಯುವ ಹಡಗಿನ ಬಾಡಿಗೆ ಕೊಡುವವರು ಯಾರು?

2023 ಮತ್ತು 2024ರ ಬೇಸಿಗೆಗಳು

2023ರ ಜುಲೈನಲ್ಲಿ ಲೋಡ್ ಶೆಡ್ಡಿಂಗ್ ಮರಳಿತು. ಮೊದಲು ದಿನಕ್ಕೆ ಒಂದು ಗಂಟೆ, ನಂತರ ಎರಡು, 2024ರ ಜೂನಿನ ಬಿಸಿಗಾಳಿಯಲ್ಲಿ ಮೂರು ಗಂಟೆ. ಇಲ್ಲಿ ಗಮನಿಸಬೇಕಾದದ್ದು, ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯ 58,000 ಮೆಗಾವಾಟ್‌ನ ಆಸುಪಾಸಿನಲ್ಲಿದ್ದರೆ ಬೇಸಿಗೆಯ ಗರಿಷ್ಠ ಬೇಡಿಕೆ 38,000ದ ಹತ್ತಿರವಿತ್ತು. ಸ್ಥಾವರಗಳಿದ್ದವು, ತಂತಿಗಳಿದ್ದವು, ಉರಿಸಲು ಅನಿಲವಿರಲಿಲ್ಲ. 2014ರ ಕತ್ತಲೆಗೆ ಸ್ಥಾವರಗಳ ಕೊರತೆಯೂ ಒಂದು ಕಾರಣವಾಗಿತ್ತು. ಹತ್ತು ವರ್ಷಗಳ ನಂತರದ ಕತ್ತಲೆಗೆ ಆ ನೆಪವಿರಲಿಲ್ಲ.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಇಸ್ರೇಲ್ ತನ್ನ ತಮಾರ್ ನಿಕ್ಷೇಪವನ್ನು ಕೆಲವು ವಾರ ಮುಚ್ಚಿತು. ಅಕ್ಟೋಬರ್ ಕೊನೆಯಲ್ಲಿ ಆ ಕಡೆಯಿಂದ ಬರುವ ಅನಿಲ ಸ್ವಲ್ಪ ಕಾಲ ಪೂರ್ಣವಾಗಿ ನಿಂತಿತು. ಮರುರಫ್ತಿಗೆಂದು ತರಿಸಿಕೊಳ್ಳಲು ಆರಂಭಿಸಿದ್ದ ಅನಿಲ ಆ ವೇಳೆಗೆ ದೇಶದ ದೀಪಗಳಿಗೇ ಬೇಕಾಗಿತ್ತು, ಹೀಗಾಗಿ ನಿಲುಗಡೆಯ ಪೆಟ್ಟು ರಫ್ತುದಾರನ ಲಾಭಕ್ಕಲ್ಲದೆ ಸಾಮಾನ್ಯನ ಮನೆಗೆ ಬಿತ್ತು.

2024ರ ಜೂನ್ ತಿಂಗಳಲ್ಲಿ ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಥಾನವಿಯ್ಯಾ ಆಮ್ಮಾ ಪರೀಕ್ಷೆಗಳು ನಡೆಯುತ್ತಿದ್ದವು. ಕಾಲೇಜಿನ ಸೀಟು ಈ ಒಂದು ಪರೀಕ್ಷೆಯ ಅಂಕಗಳ ಮೇಲೆ ನಿಂತಿರುವ ದೇಶದಲ್ಲಿ, ಸಂಜೆಯ ಹೊತ್ತು ಮನೆಯ ದೀಪ ಹೋದಾಗ ಓದುವ ಮಕ್ಕಳಿಗೆ ಮಸೀದಿಗಳು, ಚರ್ಚುಗಳು ಮತ್ತು ಗ್ರಂಥಾಲಯಗಳು ಬಾಗಿಲು ತೆರೆದವು. ಜುಲೈ 1ರಿಂದ ಅಂಗಡಿಗಳು ರಾತ್ರಿ 10ಕ್ಕೆ ಮುಚ್ಚಬೇಕೆಂಬ ಆದೇಶ ಬಂತು, ರಾತ್ರಿಯೇ ವ್ಯಾಪಾರ ಕುದುರುವ ಕೈರೋದಲ್ಲಿ ಅದು ಸಣ್ಣ ಮಾತಲ್ಲ. ಅಬು ಕೀರ್ ಮತ್ತು ಮಾಪ್ಕೊ ರಸಗೊಬ್ಬರ ಕಂಪನಿಗಳೂ ಸಿದಿ ಕೆರೀರ್ ಪೆಟ್ರೋಕೆಮಿಕಲ್ಸ್ ಕಂಪನಿಯೂ ಅನಿಲ ಸಿಗದೆ ಉತ್ಪಾದನೆ ನಿಲ್ಲಿಸಿದ್ದಾಗಿ ಷೇರು ಮಾರುಕಟ್ಟೆಗೆ ತಿಳಿಸಿದವು. ಪ್ರಧಾನಿ ಮೊಸ್ತಫಾ ಮದ್ಬೂಲಿ ಜನರ ಕ್ಷಮೆ ಕೇಳಿ, ಇಂಧನ ಆಮದಿಗೆ 118 ಕೋಟಿ ಡಾಲರ್ ತೆಗೆದಿರಿಸಿರುವುದಾಗಿಯೂ ಜುಲೈ ಮೂರನೆಯ ವಾರದಿಂದ ಕಡಿತ ನಿಲ್ಲುವುದಾಗಿಯೂ ಹೇಳಿದರು. ಆ ಮಾತು ಅಷ್ಟರಮಟ್ಟಿಗೆ ಉಳಿಯಿತು.

ಮಾತು ಉಳಿಸಿಕೊಂಡದ್ದು ಐನ್ ಸೊಖ್ನಾದಲ್ಲಿ ಬಂದು ನಿಂತ ಹೊಯೆಗ್ ಗ್ಯಾಲಿಯನ್ ಎಂಬ ಹಡಗಿನಿಂದ. ಈ ಹಡಗು ಮಾಡುವ ಕೆಲಸವನ್ನು ಅಂಕಿಗಳಲ್ಲಿ ನೋಡಿದರೆ ಆಮದಿನ ಭಾರ ಅರ್ಥವಾಗುತ್ತದೆ. ಮೈನಸ್ 162 ಡಿಗ್ರಿಯಲ್ಲಿ ದ್ರವರೂಪದಲ್ಲಿರುವ ಅನಿಲವನ್ನು ಹೊತ್ತ ಹಡಗು ಬಂದು ಇದರ ಪಕ್ಕದಲ್ಲಿ ನಿಲ್ಲುತ್ತದೆ. ದ್ರವವನ್ನು ತನ್ನ ತೊಟ್ಟಿಗಳಿಗೆ ಪಡೆದ ಈ ಹಡಗು ಅದಕ್ಕೆ ಶಾಖ ಕೊಟ್ಟು, ಸುಮಾರು 600 ಪಟ್ಟು ಹಿಗ್ಗಿದ ಅನಿಲವನ್ನು ಒತ್ತಡದಲ್ಲಿ ದಡದ ಕೊಳವೆಗೆ ತಳ್ಳುತ್ತದೆ. ಗ್ಯಾಲಿಯನ್‌ನ ತೊಟ್ಟಿಗಳ ಸಾಮರ್ಥ್ಯ 1,70,000 ಘನ ಮೀಟರ್, ದಿನಕ್ಕೆ ಅದು ಸುಮಾರು 75 ಕೋಟಿ ಘನ ಅಡಿ ಅನಿಲ ಕೊಡಬಲ್ಲದು. ಒಂದು ಹಡಗಿನ ಸರಕು ಅನಿಲವಾದಾಗ ಸುಮಾರು 350 ಕೋಟಿ ಘನ ಅಡಿ. ಬೇಸಿಗೆಯಲ್ಲಿ ದೇಶದ ಬೇಡಿಕೆ ದಿನಕ್ಕೆ 600 ಕೋಟಿ ಘನ ಅಡಿ ಮೀರುತ್ತದೆ. ಅಂದರೆ ಸಾಗರ ದಾಟಿ ಬಂದ ಒಂದು ಇಡೀ ಹಡಗಿನ ಸರಕು ಈಜಿಪ್ಟಿಗೆ ಒಂದು ದಿನಕ್ಕೂ ಸಾಲದು. ಆ ಬೇಸಿಗೆಯ ಮಾರುಕಟ್ಟೆ ದರದಲ್ಲಿ ಅಂಥ ಒಂದು ಸರಕಿನ ಬೆಲೆ 4 ಕೋಟಿ ಡಾಲರಿಗಿಂತ ಹೆಚ್ಚು. ದೇಶೀ ಅನಿಲಕ್ಕೆ 5.88 ಡಾಲರ್ ಕೊಡಲು ಹಣ ಹೊಂದಿಸಲಾಗದೆ ಬಾಕಿ ಉಳಿಸಿಕೊಂಡ ಸರ್ಕಾರ, ಅದೇ ಅಳತೆಯ ಆಮದು ಅನಿಲಕ್ಕೆ ಅದರ ಇಮ್ಮಡಿಯನ್ನು ತೆರಬೇಕಾಯಿತು.

ಬಾಕಿ ತೀರಿಸುವ ದಾರಿ

2024ರ ಫೆಬ್ರವರಿಯಲ್ಲಿ ರಾಸ್ ಅಲ್ ಹಿಕ್ಮಾ ತೀರದ ಅಭಿವೃದ್ಧಿಗೆಂದು ಅಬುಧಾಬಿಯ ಎಡಿಕ್ಯು ಸಂಸ್ಥೆಯೊಡನೆ ಆದ 3,500 ಕೋಟಿ ಡಾಲರಿನ ಒಪ್ಪಂದ, ಮಾರ್ಚಿನಲ್ಲಿ 800 ಕೋಟಿ ಡಾಲರಿಗೆ ಏರಿದ ಐಎಂಎಫ್ ಸಾಲ ಮತ್ತು ಅದರೊಂದಿಗೆ ಡಾಲರಿಗೆ 50ರ ಹತ್ತಿರ ಜಾರಿದ ಪೌಂಡ್, ಇವು ಸರ್ಕಾರಕ್ಕೆ ಉಸಿರಾಡಲು ಅವಕಾಶ ಕೊಟ್ಟವು. ಜುಲೈನಲ್ಲಿ ಕರೀಮ್ ಬದವಿ ಪೆಟ್ರೋಲಿಯಂ ಸಚಿವರಾದಾಗ ಕಂಪನಿಗಳ ಬಾಕಿ ಮತ್ತೆ 600 ಕೋಟಿ ಡಾಲರಿನ ಆಸುಪಾಸಿಗೆ ಬಂದಿತ್ತು, ಅಂದರೆ ಹತ್ತು ವರ್ಷಗಳ ಹಿಂದಿನ ಮಟ್ಟಕ್ಕೇ. ಅದೇ ವರ್ಷದ ಉತ್ಪಾದನೆ 5,000 ಕೋಟಿ ಘನ ಮೀಟರಿಗಿಂತ ಕೆಳಗಿಳಿಯಿತು. ಝೋಹ್ರ್ ಸಮಸ್ಯೆಯನ್ನು ಗುಣಪಡಿಸಲಿಲ್ಲ, ಮುಂದೂಡಿತು ಎಂಬ ನನ್ನ ಅಭಿಪ್ರಾಯಕ್ಕೆ ಈ ಎರಡು ಅಂಕಿಗಳೇ ಆಧಾರ.

ಹೊಸ ಸಚಿವರು ಮೊದಲು ಕೈಹಾಕಿದ್ದು ಬಾಕಿಗೆ. ಪ್ರತಿ ತಿಂಗಳ ಬಿಲ್ಲನ್ನು ಆಯಾ ತಿಂಗಳು ಪಾವತಿಸಿ, ಹಳೆಯದನ್ನು ಕಂತುಗಳಲ್ಲಿ ತೀರಿಸುವ ಕ್ರಮ ಬಂತು. 2025ರ ಜನವರಿಯಲ್ಲಿ ಝೋಹ್ರ್‌ನಲ್ಲಿ ಮತ್ತೆ ಕೊರೆಯಲು ಸೈಪೆಮ್ 10000 ಹಡಗು ಮರಳಿತು. ಫೆಬ್ರವರಿಯಲ್ಲಿ ಸೈಪ್ರಸ್ಸಿನ ಕ್ರೋನೋಸ್ ನಿಕ್ಷೇಪದ ಅನಿಲವನ್ನು ಝೋಹ್ರ್‌ನ ವ್ಯವಸ್ಥೆಯ ಮೂಲಕ ದಮಿಯೆಟ್ಟಾಕ್ಕೆ ತರುವ ಒಪ್ಪಂದವಾಯಿತು.

ಆದರೂ ದೌರ್ಬಲ್ಯ ಎಷ್ಟು ಆಳದ್ದು ಎಂಬುದನ್ನು 2025ರ ಜೂನ್ 13 ತೋರಿಸಿತು. ಇರಾನ್ ಮೇಲೆ ದಾಳಿ ಆರಂಭಿಸಿದ ದಿನವೇ ಇಸ್ರೇಲ್ ಲೆವಿಯಾಥನ್ ನಿಕ್ಷೇಪವನ್ನು ಮುಚ್ಚಿತು. ದಿನಕ್ಕೆ ಸುಮಾರು 100 ಕೋಟಿ ಘನ ಅಡಿ ಬರುತ್ತಿದ್ದ ಅನಿಲದ ಬಹುಪಾಲು ಒಮ್ಮೆಲೇ ನಿಂತು, ಈಜಿಪ್ಟಿನ ಯೂರಿಯಾ ಕಾರ್ಖಾನೆಗಳು ಮತ್ತೆ ಸ್ಥಗಿತಗೊಂಡವು. ಈಜಿಪ್ಟ್ ಜಗತ್ತಿನ ದೊಡ್ಡ ಯೂರಿಯಾ ರಫ್ತುದಾರರಲ್ಲೊಂದಾದ್ದರಿಂದ ಅಂತರರಾಷ್ಟ್ರೀಯ ದರ ಏರಿತು. ಟೆಂಡರ್ ಕರೆದು ಯೂರಿಯಾ ಕೊಳ್ಳುವ ಭಾರತಕ್ಕೂ, ಮುಂಗಾರಿನ ಹೊತ್ತಿನಲ್ಲಿ ಗೊಬ್ಬರಕ್ಕೆ ಸಾಲು ನಿಲ್ಲುವ ನಮ್ಮ ರೈತರಿಗೂ ಸಂಬಂಧಿಸಿದ ಸುದ್ದಿ ಅದು, ಇಲ್ಲಿನ ಪತ್ರಿಕೆಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಈ ಬಾರಿ ಕೈರೋದಲ್ಲಿ ದೀಪ ಹೋಗಲಿಲ್ಲ. ಸ್ಥಾವರಗಳನ್ನು ಕೂಡಲೇ ಫರ್ನೆಸ್ ಆಯಿಲ್ ಮತ್ತು ಡೀಸೆಲಿಗೆ ತಿರುಗಿಸಲಾಯಿತು, ಹೆಚ್ಚುವರಿ ಬಾಡಿಗೆ ಹಡಗುಗಳನ್ನು ತರಿಸಲಾಯಿತು. ಹಿಂದಿನ ಬೇಸಿಗೆಯಿಂದ ಆಡಳಿತ ಇಷ್ಟಾದರೂ ಕಲಿತಿತ್ತು.

ಅದೇ ಆಗಸ್ಟಿನಲ್ಲಿ ಲೆವಿಯಾಥನ್ ಪಾಲುದಾರರು 2040ರವರೆಗೆ 13,000 ಕೋಟಿ ಘನ ಮೀಟರ್ ಅನಿಲವನ್ನು 3,500 ಕೋಟಿ ಡಾಲರಿಗೆ ಈಜಿಪ್ಟಿಗೆ ಮಾರುವ ಒಪ್ಪಂದ ಪ್ರಕಟಿಸಿದರು. ಇಸ್ರೇಲ್ ಸರ್ಕಾರ ಅದಕ್ಕೆ ಡಿಸೆಂಬರ್ 17ರಂದು ಅನುಮತಿ ಕೊಟ್ಟಿತು. ಎಲ್‌ಎನ್‌ಜಿಗಿಂತ ಅಗ್ಗವಾದ ಈ ಅನಿಲವನ್ನು ಬೇಡವೆನ್ನುವ ಸ್ಥಿತಿಯಲ್ಲಿ ಈಜಿಪ್ಟ್ ಇರಲಿಲ್ಲ. ಗಾಜಾದ ಯುದ್ಧದ ನಡುವೆ ಇದು ದೇಶದೊಳಗೆ ನುಂಗಲಾಗದ ತುತ್ತಾಗಿತ್ತು, ಹಾಗಾಗಿ ಸರ್ಕಾರ ಇದನ್ನು ಶುದ್ಧ ವಾಣಿಜ್ಯ ವ್ಯವಹಾರವೆಂದಷ್ಟೇ ವಿವರಿಸಿತು.

ಇಷ್ಟೆಲ್ಲದರ ನಡುವೆ ಹೆಚ್ಚು ಸುದ್ದಿಯಾಗದ ಒಂದು ನಿಯಮವೇ ಈ ಪ್ರಕರಣದಲ್ಲಿ ಮುಖ್ಯವೆಂದು ನನಗೆ ತೋರುತ್ತದೆ. 2024ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಪ್ರಕಟಿಸಿದ ಪ್ರೋತ್ಸಾಹಕ ಕ್ರಮದಂತೆ, ಆಗಿನ ಮಟ್ಟಕ್ಕಿಂತ ಹೆಚ್ಚಾಗಿ ಉತ್ಪಾದಿಸಿದ ಅನಿಲದ ಒಂದು ಪಾಲನ್ನು ಕಂಪನಿಗಳು ರಫ್ತು ಮಾಡಿ, ಆ ಆದಾಯವನ್ನು ತಮ್ಮ ಬಾಕಿಗೆ ಜಮಾ ಮಾಡಿಕೊಳ್ಳಬಹುದು. ಹಣ ಖಜಾನೆಯ ಮೂಲಕ ಹಾದು ಬೇರೆ ತುರ್ತುಗಳಲ್ಲಿ ಕರಗುವುದಕ್ಕೆ ಮುನ್ನವೇ ಬಾವಿ ಕೊರೆದವನ ಕೈಸೇರುವ ವ್ಯವಸ್ಥೆ ಇದು. ದೇಶಕ್ಕೆ ಅನಿಲ ಸಾಲದ ಬೇಸಿಗೆಯಲ್ಲಿಯೂ ಈ ರಫ್ತಿನ ಹಕ್ಕನ್ನು ಸರ್ಕಾರ ಉಳಿಸುತ್ತದೆಯೇ, ಅಥವಾ 2012ರಂತೆ ಅನಿಲವನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತದೆಯೇ ಎಂಬುದರ ಮೇಲೆ ಕಂಪನಿಗಳು ತಮ್ಮ ಮುಂದಿನ ಬಾವಿಗಳ ಬಜೆಟ್ ಹಾಕಿಕೊಳ್ಳುತ್ತವೆ.